ಪೆಟ್ಟಿಗೆಯಲ್ಲಿದ್ದ ಉಪಗ್ರಹ ಆಕಾಶದಿಂದ ಮಾತಾಡಿದ್ದು

ನಾನು ಹೆದರುಪುಕ್ಕಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು. ಮನೆ ಬಿಟ್ಟು ಬಸ್‌ಸ್ಟಾಪಿನವರೆಗೆ ಹೋದವನು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬಂದು ನೋಡುತ್ತೇನೆ. ನೋಡಿ ಮತ್ತೆ ಬಸ್‌ಸ್ಟಾಪಿಗೆ ಹೋದ ಮೇಲೆ, ನೋಡುವಾಗ ಕೈ ತಾಗಿ ಹೊತ್ತಿಕೊಂಡಿತೋ ಏನೋ ಎಂದು ಯೋಚಿಸುತ್ತೇನೆ. ಬಿ.ಪಿ., ಮಗಳ ಸ್ಕೂಟರು, ತಾರಸಿಯ ಬಿರುಕು, ಎಡಗಡೆಯ ದವಡೆಹಲ್ಲು, ಹೀಗೆ ನನ್ನ ಚಿಂತೆಗಳ ಪಟ್ಟಿ ಉದ್ದವಿದೆ. ಆದರೆ ಅದರಲ್ಲಿ ದೆವ್ವ, ಭೂತ, ಅತೀಂದ್ರಿಯ ಇತ್ಯಾದಿಗಳಿಗೆ ಯಾವತ್ತೂ ಜಾಗ ಇರಲಿಲ್ಲ. ಯಾರಾದರೂ ಅಂಥ ಕತೆ ಶುರು ಮಾಡಿದರೆ ನಕ್ಕುಬಿಡುತ್ತಿದ್ದೆ. ಧೈರ್ಯದಿಂದ ನಗುತ್ತಿದ್ದೆ ಎಂದುಕೊಳ್ಳಬೇಡಿ. ಇರುವುದಕ್ಕೇ ಇಷ್ಟು ಹೆದರುವವನಿಗೆ ಇಲ್ಲದ್ದಕ್ಕೂ ಹೆದರಲು ಪುರುಸೊತ್ತು ಎಲ್ಲಿಂದ ಬರಬೇಕು?

ಈಗ ಹೇಳಹೊರಟಿರುವುದರಲ್ಲೂ ದೆವ್ವ ಇಲ್ಲ. ಕತ್ತಲೂ ಇಲ್ಲ. ನಡೆದದ್ದು ಹಾಡಹಗಲಲ್ಲಿ, ಸುಡುಬಿಸಿಲಿನಲ್ಲಿ, ಹರವೆಯ ಹತ್ತಿರದ ಒಂದು ಅರಿಶಿನದ ಗೋಡೌನಿನಲ್ಲಿ. ನಡೆದು ಕೆಲವು ವರ್ಷಗಳಾದವು. ಹಗಲಲ್ಲಿ ನಡೆದದ್ದರಿಂದಲೇ ಇರಬೇಕು, ಇನ್ನೂ ಮರೆಯಲಾಗಿಲ್ಲ. ರಾತ್ರಿಯಾಗಿದ್ದರೆ ನಿದ್ದೆಗಣ್ಣು ಅಂತಾದರೂ ಅನ್ನಬಹುದಿತ್ತು.

ನನ್ನ ಕೆಲಸ ಆಂಟೆನಾ ಮಾಡುವುದು. ಮನೆ ಮೇಲಿನ ಡಿಶ್ ಅಲ್ಲ. (ನೆಂಟರು ಎಷ್ಟೋ ಸಲ ತಮ್ಮ ಡಿಶ್ ನೋಡಿಕೊಡಿ ಎಂದು ಕರೆದಿದ್ದಾರೆ, ಹೋಗಿ ನೋಡಿದ್ದೇನೆ, ಒಂದೂ ಸರಿಹೋಗಿಲ್ಲ.) ಭೂಮಿಗೆ ತೀರ ಹತ್ತಿರದಲ್ಲಿ ಸುತ್ತುವ ಸಣ್ಣ ಸಂಪರ್ಕ ಉಪಗ್ರಹಗಳಿಗೆ ಬೇಕಾದ ಆಂಟೆನಾ. ಇಂಥ ಉಪಗ್ರಹ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತಿ ಬರುತ್ತದೆ. ನಮ್ಮ ತಲೆಯ ಮೇಲೆ ಸಿಗುವುದು ಒಂಬತ್ತು ಹತ್ತು ನಿಮಿಷ ಮಾತ್ರ; ಒಂದು ದಿಕ್ಕಿನಲ್ಲಿ ಏಳುತ್ತದೆ, ಇನ್ನೊಂದು ದಿಕ್ಕಿನಲ್ಲಿ ಮುಳುಗುತ್ತದೆ. ಅಷ್ಟರಲ್ಲಿ ಮಾತು ಮುಗಿಸಬೇಕು.

ಆಗ ನಾನಿದ್ದದ್ದು ಆರೇ ಜನರ ಒಂದು ಕಂಪನಿಯಲ್ಲಿ. ಕಚೇರಿ ಬೆಂಗಳೂರಿನಲ್ಲಿತ್ತು. ಆದರೆ ಬೆಂಗಳೂರಿನ ಆಕಾಶ ಸಂತೆಯ ಹಾಗೆ, ಎಲ್ಲ ಕಡೆಯಿಂದಲೂ ರೇಡಿಯೋ ಗದ್ದಲ. ಸಣ್ಣ ದನಿ ಕೇಳಿಸಿಕೊಳ್ಳಬೇಕಾದರೆ ನಿಶ್ಶಬ್ದವಾದ ಜಾಗ ಬೇಕು. ಹಾಗಾಗಿ ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ ಹುಡುಕಿ ಹುಡುಕಿ ಈ ಗೋಡೌನನ್ನು ಬಾಡಿಗೆಗೆ ಹಿಡಿದಿದ್ದೆವು. ಅರ್ಧದಲ್ಲಿ ಅರಿಶಿನದ ಮೂಟೆ. ಇನ್ನರ್ಧದಲ್ಲಿ ಬಿಳಿ ಪ್ಲಾಸ್ಟಿಕ್ಕಿನ ಡೇರೆ, ಅದರೊಳಗೆ ನಮ್ಮ ಉಪಗ್ರಹ. ಎಷ್ಟೇ ಹುಷಾರಾಗಿದ್ದರೂ ನಮ್ಮ ಅಂಗಿಯ ಕಾಲರು ಹಳದಿಯಾಗುತ್ತಿತ್ತು. ಧೂಳಿನ ಚಿಂತೆಯಲ್ಲೇ ನಾನು ತೂಕ ಕಳೆದುಕೊಂಡದ್ದು ನಿಜ.

ಗೋಡೌನಿನ ಯಜಮಾನರು ಶಿವಮಲ್ಲಪ್ಪನವರು, ಕುದೇರಿನ ಕಡೆಯ ದೊಡ್ಡ ಬೇಸಾಯಗಾರರು. ಹಣೆ ತುಂಬ ವಿಭೂತಿ, ಬಾಯಿ ತುಂಬ ತಮಾಷೆ. ಉಪಗ್ರಹ ನೋಡಿದ ಮೊದಲ ದಿನವೇ ಅದಕ್ಕೆ ಟಿಫನ್ ಕ್ಯಾರಿಯರ್ ಎಂದು ಹೆಸರಿಟ್ಟರು. ದಿನಾ ಬೆಳಿಗ್ಗೆ ಬಂದು, "ಏನ್ ಸಾ, ನಿಮ್ ಕ್ಯಾರಿಯರ್ ಯಾವತ್ತು ಮೇಲಕ್ಕೋಗದು? ಓಗದ್ರೊಳ್ಗೆ ನೀವೇ ಓಗ್ಬುಟ್ಟೀರಿ, ಅಷ್ಟು ಸೊರಗ್ಬುಟ್ಟಿದ್ದೀರಿ" ಎನ್ನುತ್ತಿದ್ದರು.

ಉಪಗ್ರಹಕ್ಕೆ ನಾಲ್ಕು ಆಂಟೆನಾ. ಪ್ರತಿಯೊಂದೂ ಗಾರೆಯವರು ಅಳೆಯುವ ಉಕ್ಕಿನ ಟೇಪಿನಂಥ ಪಟ್ಟಿ. ಅದನ್ನು ಮಡಿಸಿ, ಮೈಗೆ ಒತ್ತಿ, ಸಣ್ಣ ನೈಲಾನ್ ದಾರದಿಂದ ಕಟ್ಟಿರುತ್ತೇವೆ. ಮೇಲೆ ಹೋದ ಮೇಲೆ ಒಂದು ಪುಟ್ಟ ತಂತಿ ಬಿಸಿಯಾಗಿ ದಾರವನ್ನು ಸುಟ್ಟುಹಾಕುತ್ತದೆ, ಪಟ್ಟಿ ಟಪ್ ಎಂದು ಬಿಚ್ಚಿಕೊಳ್ಳುತ್ತದೆ. ಇಷ್ಟೆ. ವರ್ಷಗಟ್ಟಲೆ ಲೆಕ್ಕ ಹಾಕಿ ಮಾಡಿದ್ದೆಲ್ಲ ಕಡೆಗೆ ಒಂದು ಗಂಟಿನ ಮೇಲೆ ನಿಲ್ಲುತ್ತದೆ. ಎಂಜಿನಿಯರುಗಳು ಹಾಕಿದ ಗಂಟು ನಾಲ್ಕು ದಿನಕ್ಕೆ ಸಡಿಲವಾಗುತ್ತಿತ್ತು. ಸಡಿಲವಾಗದ ಗಂಟು ಹಾಕುತ್ತಿದ್ದವಳು ನಮ್ಮ ಟೆಕ್ನಿಷಿಯನ್ ರಾಜಮ್ಮ. ಹರವೆಯ ಸೊಸೆ, ಗುಂಡ್ಲುಪೇಟೆಯ ಮಗಳು, ಐ.ಟಿ.ಐ. ಓದಿದ್ದು ಆಮೇಲೆ, ಅದಕ್ಕೆ ಮೊದಲೇ ಅಮ್ಮನ ಜೊತೆ ಕೂತು ಕಾಕಡ ಹೂ ಕಟ್ಟಿ ಕಟ್ಟಿ ಬೆರಳು ಪಳಗಿತ್ತು. "ಬಾಳೆನಾರಾದ್ರೇನು, ನೈಲಾನ್ ಆದ್ರೇನು ಸಾ, ಹೂವಿನ ಕತ್ತು ಮುರೀಬಾರ್ದು, ಜಾರ್ಲೂ ಬಾರ್ದು" ಎನ್ನುತ್ತಿದ್ದಳು.

ಆ ದಿನದ ಹೊತ್ತಿಗೆ ಎಲ್ಲ ಮುಗಿದಿತ್ತು. ಹಿಂದಿನ ದಿನವೇ ಉಪಗ್ರಹದ ಪಿನ್ನು ಹಾಕಿದ್ದೆವು. ಆ ಪಿನ್ನು ಒಳಗಿದ್ದರೆ ಬ್ಯಾಟರಿಗೂ ಉಳಿದ ಭಾಗಗಳಿಗೂ ಸಂಬಂಧವೇ ಇರುವುದಿಲ್ಲ, ಪೂರ್ತಿ ನಿದ್ದೆ. ಅದನ್ನು ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳಕ್ಕೆ ಸೀಲ್ ಟೇಪು ಹಚ್ಚಿ, ಅದರ ಮೇಲೆ ನಾನೂ ರಾಜಮ್ಮನೂ ಸಹಿ ಮಾಡಿದ್ದೆವು. ಸಹಿಯಾದ ಮೇಲೆ ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಕೆಲಸ ಹೋಗುತ್ತದೆಂದು ಕಂಪನಿ ನಡೆಸುತ್ತಿದ್ದ ನಮ್ಮ ಮೇಡಂ ಇಬ್ಬರಿಗೂ ಬಿಡಿಸಿ ಹೇಳಿದ್ದರು. ಮಿಕ್ಕವರು ಬೆಂಗಳೂರಿಗೆ ಹೋಗಿದ್ದರು. ಮಾರನೆಯ ಬೆಳಿಗ್ಗೆ ವ್ಯಾನು ಬರಬೇಕಿತ್ತು. ರಾಕೆಟ್ಟಿನವರು ನಮಗೆ ಕೊಟ್ಟಿದ್ದ ಜಾಗ ತಪ್ಪಿದರೆ ಇನ್ನೊಂದು ಸಿಗುವವರೆಗೆ ಕಂಪನಿಯೇ ಇರುವುದು ಅನುಮಾನ.

ಬೆಳಿಗ್ಗೆ ಹನ್ನೊಂದರ ಸುಮಾರು. ರಾಜಮ್ಮ ಡೇರೆಯ ಬಳಿ ಕೂತು ಸಾಮಾನು ಪಟ್ಟಿ ಬರೆಯುತ್ತಿದ್ದಳು. ನಾನು ಹೊರಗಡೆ ಖಾಲಿ ಹೊಲದಲ್ಲಿ, ಮುಂದೆ ಉಪಗ್ರಹದ ದನಿ ಹಿಡಿಯಬೇಕಾಗಿದ್ದ ನೆಲದ ಆಂಟೆನಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಬಂಡೀಪುರದ ಕಾಡಿನ ಕಡೆ ಮುಖ ಮಾಡಿಸಿ ಕೂತಿದ್ದೆ. ತ್ರೀ ಫೇಸ್ ಕರೆಂಟು ಬಂದ ತಕ್ಷಣ ಸುತ್ತಲಿನ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಹೊರಡುತ್ತವೆ. ಅದರಿಂದ ನಮ್ಮ ಸಿಗ್ನಲ್ಲಿಗೆ ತೊಂದರೆಯಾದೀತೇ ಎಂಬುದು ಆವತ್ತಿನ ನನ್ನ ಚಿಂತೆ. ಅಂಗಳದಲ್ಲಿ ಬೇಯಿಸಿದ ಅರಿಶಿನ ಒಣಗಲು ಹರಡಿದ್ದರು. ಕಣ್ಣು ಬಿಡಲಾಗದಷ್ಟು ಹಳದಿ.

ಲ್ಯಾಪ್‌ಟಾಪಿನ ಪರದೆಯಲ್ಲಿ ಒಂದು ಗೆರೆ ಕಾಣಿಸಿಕೊಂಡಿತು.

ಮೋಟಾರಿನ ಗೆರೆ ನೆಟ್ಟಗಿರುತ್ತದೆ. ಇದು ನೆಟ್ಟಗಿರಲಿಲ್ಲ, ಓರೆಯಾಗಿ ಸರಿಯುತ್ತಿತ್ತು. ಗುಂಡ್ಲುಪೇಟೆ ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆಯುತ್ತಾ ಬಂದರೆ ಗಮನಿಸಿರುತ್ತೀರಿ, ಹತ್ತಿರ ಬರುವಾಗ ಸಣ್ಣ ದನಿ, ದಾಟಿದ ಮೇಲೆ ದಪ್ಪ ದನಿ. ರೇಡಿಯೋದಲ್ಲೂ ಹಾಗೆಯೇ. ಅತಿ ವೇಗವಾಗಿ ತಲೆಯ ಮೇಲೆ ಹಾದುಹೋಗುವ ವಸ್ತು ಮಾತ್ರ ಪರದೆಯ ಮೇಲೆ ಅಂಥ ಓರೆ ಗೆರೆ ಬರೆಯುತ್ತದೆ. ಯಾವುದೋ ಬೇರೆಯವರ ಉಪಗ್ರಹ, ನಮ್ಮ ಫ್ರೀಕ್ವೆನ್ಸಿಗೆ ಬಂದು ಕೂತಿದೆ ಎಂದುಕೊಂಡೆ. ಚಿಂತಿಸಲು ಹೊಸದೊಂದು ಸಿಕ್ಕಿತಲ್ಲ ಎಂದು, ನಿಜ ಹೇಳುತ್ತೇನೆ, ಒಂದು ಬಗೆಯ ಉತ್ಸಾಹವೇ ಆಯಿತು. ಆಂಟೆನಾವನ್ನು ಕೈಯಲ್ಲಿ ತಿರುಗಿಸುತ್ತಾ ದನಿಯ ಹಿಂದೆ ಹೋದೆ. ಕಾಡಿನ ಕಡೆಯಿಂದ ಎದ್ದು ನೆತ್ತಿಯ ಹತ್ತಿರಕ್ಕೆ ಬಂತು. ಅಷ್ಟರಲ್ಲಿ ಲ್ಯಾಪ್‌ಟಾಪು ಅದರ ಮಾತನ್ನು ಬಿಡಿಸಿ ತೋರಿಸತೊಡಗಿತು.

ಮೊದಲು ಹೆಸರು. ನಮ್ಮ ಉಪಗ್ರಹದ ಹೆಸರು.

ಪಕ್ಕದಲ್ಲಿ ಬ್ಯಾಟರಿಯ ಅಂಕಿ, ಏಳು ಪಾಯಿಂಟ್ ನಾಲ್ಕು. ಅದರ ಮುಂದೆ ನಾಲ್ಕು ಆಂಟೆನಾಗಳ ಸ್ಥಿತಿ: ಬಿಚ್ಚಿಕೊಂಡಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಒಂದು, ಒಂದು, ಸೊನ್ನೆ, ಒಂದು. ಹತ್ತು ಸೆಕೆಂಡು ಬಿಟ್ಟು ಮತ್ತೆ ಅದೇ. ಮತ್ತೆ ಅದೇ. ಆ ಕ್ರಮ, ಆ ಬರವಣಿಗೆ ನಾವು ಆರು ಜನ ಕೂತು ಮಾಡಿಕೊಂಡದ್ದು. ಬೇರೆ ಯಾರೂ ಹಾಗೆ ಕಳಿಸುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಎಡಕ್ಕೆ ಅದು ಇಳಿದು ಮರೆಯಾಗುವವರೆಗೂ ನಾನು ಆಂಟೆನಾ ಹಿಡಿದುಕೊಂಡು ನಿಂತೇ ಇದ್ದೆ. ಬಿಸಿಲಿನಲ್ಲಿ ಹಲ್ಲು ಕಟಕಟ ಎನ್ನುವುದನ್ನು ಆವತ್ತೇ ಮೊದಲು ಅನುಭವಿಸಿದ್ದು.

ಮೂರನೆಯದು ಸೊನ್ನೆ. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ವಾರದ ಹಿಂದೆ ಮೂರನೆಯ ಪಟ್ಟಿಯನ್ನು ಬೆರಳಲ್ಲಿ ತಟ್ಟಿದಾಗ ಸ್ವಲ್ಪ ಅಲುಗಿದಂತಾಗಿತ್ತು. ರಾಕೆಟ್ಟಿನ ನಡುಕಕ್ಕೆ ದಾರ ಸವೆದರೆ ಎಂದು ನನಗೆ ಎರಡು ದಿನ ನಿದ್ದೆಯಿಲ್ಲ. ಕಡೆಗೆ ಪಟ್ಟಿಯ ಪಕ್ಕಕ್ಕೆ ಒಂದು ತೆಳು ಪ್ಲಾಸ್ಟಿಕ್ ಚೂರನ್ನು ನಾನೇ ಅಂಟಿಸಿ, ಬಿಗಿಮಾಡಿ, ರಾಜಮ್ಮನ ಕೈಲಿ ಕಟ್ಟಿಸಿದ್ದೆ. ಆಕೆ, "ಇನ್ನೊಂದ್ಸಲ ಬಿಚ್ಕಂತದಾ ನೋಡ್ಬುಡನ್ವಾ ಸಾ?" ಎಂದು ಕೇಳಿದ್ದಳು. ಸಮಯವಿಲ್ಲ ಎಂದಿದ್ದೆ. ಬೇರೆ ಯಾರಿಗೂ ಹೇಳಿರಲಿಲ್ಲ.

ಗೋಡೌನಿಗೆ ಓಡಿದೆ. ಪೆಟ್ಟಿಗೆ ಇದ್ದಲ್ಲೇ ಇತ್ತು. ಸೀಲು ಇತ್ತು. ಸಹಿ ಇತ್ತು. ಪಿನ್ನಿನ ಕೆಂಪು ಪಟ್ಟಿ ಮುಚ್ಚಳದ ಸಂದಿನಿಂದ ಹೊರಗೆ ಇಣುಕುತ್ತಿತ್ತು.

"ರಾಜಮ್ಮ, ಇದನ್ನ ಯಾರಾದ್ರೂ ಮುಟ್ಟಿದ್ರಾ?"

"ಬೆಳಗ್ಗಿಂದ ಇದ್ರ ಪಕ್ಕಾನೇ ಕುಂತಿವ್ನಿ ಸಾ. ಯಾಕ್ ಸಾ, ಮೊಕ ಹಿಂಗಾಗದೆ? ಬಿ.ಪಿ. ಮಾತ್ರೆ ತಕ್ಕಂಡ್ರಾ?"

ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. ಪೆಟ್ಟಿಗೆಯಿಂದ ತನ್ನ ಕುರ್ಚಿಯನ್ನು ಒಂದು ಮೊಳ ಹಿಂದಕ್ಕೆ ಎಳೆದುಕೊಂಡಳು.

ಹಳೆಯ ಪರೀಕ್ಷೆಯ ರೆಕಾರ್ಡಿಂಗ್ ಏನಾದರೂ ತಾನಾಗಿ ಓಡಿತೇ ಎಂದು ಹುಡುಕಿದೆ. ಇಲ್ಲ. ಗೆಳೆಯರ ಚೇಷ್ಟೆಯೇ ಎಂದು ಯೋಚಿಸಿದೆ. ನೆಲದ ಮೇಲೆ ಕೂತು ಚೇಷ್ಟೆ ಮಾಡುವವರ ದನಿ ಕಾಡಿನ ಮೇಲಿಂದ ಎದ್ದು ಬೆಟ್ಟದ ಹಿಂದೆ ಮುಳುಗುವುದಿಲ್ಲ. ಉಳಿದದ್ದು ಒಂದೇ ದಾರಿ. ಅದು ನಿಜವಾಗಿ ಸುತ್ತುತ್ತಿದ್ದರೆ ಒಂದೂವರೆ ಗಂಟೆ ಬಿಟ್ಟು ಮತ್ತೆ ಬರಬೇಕು, ಅಷ್ಟರಲ್ಲಿ ಭೂಮಿ ತಿರುಗಿರುವುದರಿಂದ ಈ ಸಲ ಪಡುವಣದಲ್ಲಿ, ತಗ್ಗಿನಲ್ಲಿ. ಕಾಯುವುದು.

ಆ ಒಂದೂವರೆ ಗಂಟೆ ಹೇಗೆ ಕಳೆಯಿತೋ ಶಿವನಿಗೇ ಗೊತ್ತು. ನಡುವೆ ಶಿವಮಲ್ಲಪ್ಪನವರು ಮಜ್ಜಿಗೆ ಹಿಡಿದುಕೊಂಡು ಬಂದರು. "ಏನ್ ಸಾ, ಇಬ್ರೂ ಸಾವಿನ ಮನೇಲಿ ಕುಂತಂಗೆ ಕುಂತಿದ್ದೀರಲ್ಲಾ? ಕ್ಯಾರಿಯರ್ ಓದ್ಮೇಲೆ ಕಣಾ ಅಳದು, ಇನ್ನೂ ಇಲ್ಲೇ ಅದೆ" ಎಂದು ಪೆಟ್ಟಿಗೆಯ ಮೇಲೆ ಒಂದು ಸಲ ತಟ್ಟಿದರು. ರಾಜಮ್ಮ ಬೆಚ್ಚಿಬಿದ್ದಳು. "ಅದನ್ನ ತಟ್ಬೇಡಿ ಬುದ್ಧೀ" ಎಂದಳು. ಅವರು ನಮ್ಮಿಬ್ಬರ ಮುಖ ನೋಡಿ, ಮಜ್ಜಿಗೆ ಇಟ್ಟು, ಮಾತಾಡದೆ ಹೋದರು. ಅವರು ಮಾತಾಡದೆ ಹೋದದ್ದು ಅದೊಂದೇ ದಿನ.

ಸಮಯಕ್ಕೆ ಸರಿಯಾಗಿ ಇಬ್ಬರೂ ಹೊಲಕ್ಕೆ ಹೋದೆವು. ಬರದೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಗುಂಡ್ಲುಪೇಟೆಯ ಕಡೆ ಆಂಟೆನಾ ತಿರುಗಿಸಿ ಎರಡು ನಿಮಿಷವಾಗಿತ್ತು. ಓರೆ ಗೆರೆ ಬಂತು.

ದನಿ ಈ ಸಲ ಕ್ಷೀಣವಾಗಿತ್ತು. ದೂರದಲ್ಲಿದೆ, ಅದಕ್ಕೇ ಎಂದು ಸಮಾಧಾನ ಹೇಳಿಕೊಂಡೆ. ಆದರೆ ಬ್ಯಾಟರಿಯ ಅಂಕಿಗೆ ದೂರ ಹತ್ತಿರದ ಹಂಗಿಲ್ಲ. ಅದು ಆರು ಪಾಯಿಂಟ್ ಮೂರಕ್ಕೆ ಇಳಿದಿತ್ತು. ಕಾರಣ ಕೂಡಲೇ ಹೊಳೆಯಿತು. ಆಂಟೆನಾ ಬಿಚ್ಚಿಕೊಳ್ಳದಿದ್ದರೆ ತಂತಿಯನ್ನು ಮತ್ತೆ ಮತ್ತೆ ಬಿಸಿ ಮಾಡುತ್ತಲೇ ಇರು ಎಂದು ನಾವೇ ಅದಕ್ಕೆ ಹೇಳಿಕೊಟ್ಟಿದ್ದೆವು. ಅದು ಹೇಳಿದ ಮಾತು ಕೇಳುತ್ತಿತ್ತು. ಸುಟ್ಟುಹೋದ ದಾರವನ್ನೇ ಮತ್ತೆ ಸುಡುತ್ತಾ, ಇದ್ದ ಬಲವನ್ನೆಲ್ಲ ಅಲ್ಲೇ ಸುರಿಯುತ್ತಿತ್ತು. ಒಂದು, ಒಂದು, ಸೊನ್ನೆ, ಒಂದು. ಆರು ಪಾಯಿಂಟ್ ಎರಡು. ಒಂದು, ಒಂದು, ಸೊನ್ನೆ, ಒಂದು. ಆರು.

ರಾಜಮ್ಮ ಪರದೆಗೆ ಮುಖ ಹತ್ತಿರ ತಂದು ಓದಿದಳು. "ಸಾ, ಇದು ನಮ್ದೇ."

"ಹೂಂ."

"ನಮ್ದು ಒಳ್ಗದಲ್ಲಾ ಸಾ?"

ನಾನು ಉತ್ತರ ಹೇಳುವಷ್ಟರಲ್ಲಿ ಇನ್ನೊಂದು ಸಾಲು ಬಂತು. ಹೆಸರು ಪೂರ್ತಿ ಬರಲಿಲ್ಲ, ಅರ್ಧಕ್ಕೇ ನಿಂತಿತು. ಇನ್ನೂ ಎರಡು ನಿಮಿಷ ಅದು ಆಕಾಶದಲ್ಲಿ ಇರಬೇಕಿತ್ತು. ಮೈಸೂರಿನ ದಿಕ್ಕಿಗೆ ಆಂಟೆನಾ ತಿರುಗಿಸುತ್ತಾ ಹುಡುಕಿದೆ. ಏನೂ ಇಲ್ಲ. ದೂರದಲ್ಲಿ ಯಾರದೋ ಬೋರ್‌ವೆಲ್ ಮೋಟಾರು ಮಾತ್ರ ಹೊರಟಿತ್ತು.

ಹೆಣದ ಪಕ್ಕ ನಿಂತ ಅನುಭವ ನನಗಿದೆ. ಆ ಮಧ್ಯಾಹ್ನದ್ದು ಅದಕ್ಕಿಂತ ಕೆಟ್ಟದ್ದಾಗಿತ್ತು. ಸತ್ತದ್ದು ಯಾವುದು ಎಂದೇ ಗೊತ್ತಿರಲಿಲ್ಲ.

ಈಗ ಏನು ಮಾಡಬೇಕು? ಮೇಡಂಗೆ ಫೋನ್ ಮಾಡಿ ಹೇಳಬಹುದಿತ್ತು. ಏನಂತ? ಇನ್ನೂ ಹಾರಿಸದ ಉಪಗ್ರಹ ಆಕಾಶದಿಂದ ಮಾತಾಡಿ ಸತ್ತುಹೋಯಿತು ಅಂತಲೇ? ನನ್ನ ಚಿಂತೆಯ ಖ್ಯಾತಿ ಕಂಪನಿಯಲ್ಲಿ ಎಷ್ಟಿತ್ತೆಂದರೆ, ನಿಜವಾಗಿ ಬೆಂಕಿ ಬಿದ್ದಿದೆ ಎಂದರೂ ಅವರು ಮೊದಲು ನೀರು ಕುಡಿಯಿರಿ ಎನ್ನುತ್ತಿದ್ದರು. ಹೇಳದೆ ಸೀಲು ಒಡೆದರೆ ಇಬ್ಬರ ಕೆಲಸಕ್ಕೂ ಕುತ್ತು. ರಾಜಮ್ಮನ ಕೆಲಸ ಖಾಯಂ ಆಗಿ ಆರು ತಿಂಗಳೂ ಆಗಿರಲಿಲ್ಲ. ಒಡೆಯದೆ ಕಳಿಸಿದರೆ? ಆ ಪ್ಲಾಸ್ಟಿಕ್ ಚೂರು ನನ್ನ ಕಣ್ಣ ಮುಂದೆ ಬಂದು ನಿಂತಿತ್ತು.

"ನೀವು ಮನೆಗೆ ಹೋಗಿ ರಾಜಮ್ಮ. ನಾನೊಬ್ಬನೇ ಬಿಚ್ತೀನಿ. ಆಮೇಲೆ ಏನೇ ಬಂದ್ರೂ ನನ್ನ ತಲೆಗೆ."

"ಬಿಚ್ಚಿ ಆಮೇಲೆ ಕಟ್ಟೋರ್ಯಾರು? ನೀವಾ?" ಎಂದಳು. "ನಿಮ್ ಗಂಟು ಚಾಮರಾಜನಗರ ದಾಟದ್ರೊಳ್ಗೆ ಬಿಚ್ಕಂತದೆ. ಬನ್ನಿ ಸುಮ್ನೆ."

ಸೀಲು ಕತ್ತರಿಸಿದ್ದು ಆಕೆಯೇ. ಭೂತಗನ್ನಡಿ ಹಿಡಿದು ಮೂರನೆಯ ಗಂಟನ್ನು ನೋಡಿದೆವು. ಗಂಟಿನಲ್ಲಿ ಒಂದೂ ಕೊರತೆ ಇರಲಿಲ್ಲ. ದಾರ ಸರಿಯಾಗಿ ತಂತಿಯ ಮೇಲೇ ಕೂತಿತ್ತು. ಆಕೆ ಸಣ್ಣ ಕತ್ತರಿ ತೂರಿಸಿ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ದಾರ ತುಂಡಾಯಿತು.

ಪಟ್ಟಿ ಟಪ್ ಎನ್ನಬೇಕು. ಎನ್ನಲಿಲ್ಲ. ಮಡಿಸಿದ್ದು ಮಡಿಸಿದ ಹಾಗೇ ಇತ್ತು. ಭೂತಗನ್ನಡಿಯನ್ನು ಇನ್ನೂ ಹತ್ತಿರಕ್ಕೆ ತಂದೆ. ಪಟ್ಟಿಯ ಅಂಚು ನಾನು ಅಂಟಿಸಿದ ಪ್ಲಾಸ್ಟಿಕ್ಕಿನೊಳಕ್ಕೆ ಕೂದಲೆಳೆಯಷ್ಟು ಕಚ್ಚಿಕೊಂಡಿತ್ತು, ಅಷ್ಟೆ. ರಾಜಮ್ಮ ಉಗುರಿನ ತುದಿಯಿಂದ ಮುಟ್ಟಿದಳು. ಟಪ್ ಎಂದು ಬಿಚ್ಚಿ ಆಕೆಯ ಬೆರಳಿಗೆ ಹೊಡೆಯಿತು. ಮೇಲೆ, ಅಲ್ಲಿ, ಉಗುರು ತಾಗಿಸುವವರು ಯಾರಿದ್ದಾರೆ?

ಆ ಚೂರನ್ನು ಕಿತ್ತೆಸೆದೆ. ಜಾಗವನ್ನು ಒರೆಸಿ, ಮತ್ತೆ ಕಟ್ಟಿ, ಕತ್ತರಿಸಿ, ಬಿಚ್ಚಿಕೊಳ್ಳುವುದನ್ನು ಐದು ಸಲ ನೋಡಿದೆವು. ಆರನೆಯ ಸಲ ಕಟ್ಟಿದ್ದನ್ನು ಹಾಗೇ ಬಿಟ್ಟೆವು. ಹೊಸ ಸೀಲಿನ ಮೇಲೆ ಹಿಂದಿನ ದಿನದ ತಾರೀಕು ಹಾಕಿ ಸಹಿ ಮಾಡಿದೆವು. ಇಷ್ಟು ವರ್ಷದ ನೌಕರಿಯಲ್ಲಿ ನಾನು ಮಾಡಿದ ಒಂದೇ ಸುಳ್ಳು ಸಹಿ ಅದು. ಆ ದಿನ ನನ್ನ ಕೈ ನಡುಗದೆ ಮಾಡಿದ ಒಂದೇ ಕೆಲಸವೂ ಅದೇ. ಬೆಳಿಗ್ಗೆ ವ್ಯಾನು ಬಂದು ಪೆಟ್ಟಿಗೆಯನ್ನು ತೆಗೆದುಕೊಂಡು ಹೋಯಿತು. ಅದಾದ ಮೇಲೂ ನಾಲ್ಕು ದಿನ ಅದೇ ಹೊಲದಲ್ಲಿ ಕೂತು ಕೇಳಿದೆ. ಆಕಾಶ ಖಾಲಿ ಇತ್ತು.

ಕೆಲವು ತಿಂಗಳ ಮೇಲೆ ರಾಕೆಟ್ಟು ಹೋಯಿತು. ಉಪಗ್ರಹ ಮೊದಲ ಸಲ ನಮ್ಮ ತಲೆಯ ಮೇಲೆ ಬರುವಾಗ ಆರೂ ಜನ ಹರವೆಯ ಹೊಲದಲ್ಲಿದ್ದೆವು. ಶಿವಮಲ್ಲಪ್ಪನವರೂ ಮನೆಮಂದಿಯೊಂದಿಗೆ ಬಂದು ನಿಂತಿದ್ದರು. ಗೆರೆ ಬಂತು, ಹೆಸರು ಬಂತು. ಒಂದು, ಒಂದು, ಒಂದು, ಒಂದು. ಎಲ್ಲರೂ ಕುಣಿದಾಡಿದರು. ಮೇಡಂ ಅತ್ತೇಬಿಟ್ಟರು. ಶಿವಮಲ್ಲಪ್ಪನವರು "ಕ್ಯಾರಿಯರ್ ಮಾತಾಡ್ತಾ ಅದೆ ಕಣ್ರಲಾ!" ಎಂದು ಕೂಗಿ ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ನಾನು ಕೂತಿದ್ದೆ. ಪ್ರತಿ ಸಾಲಿನಲ್ಲೂ ಮೂರನೆಯ ಅಂಕಿಯನ್ನೇ ನೋಡುತ್ತಿದ್ದೆ.

ಆವತ್ತು ಕೇಳಿದ್ದರ ರೆಕಾರ್ಡಿಂಗ್ ಮಾಯವಾಗಿಲ್ಲ. ಎರಡೂ ಸಲದ್ದು ಒಂದು ಪೆನ್‌ಡ್ರೈವಿನಲ್ಲಿದೆ. ಬೀರುವಿನಲ್ಲಿ ಮನೆಪತ್ರದ ಜೊತೆ ಇಟ್ಟಿದ್ದೇನೆ. ಎಲ್ಲಿಂದ ಬಂದದ್ದೆಂದು ಹೇಳದೆ, ಈ ವಿಷಯ ಚೆನ್ನಾಗಿ ಬಲ್ಲ ಸ್ನೇಹಿತನೊಬ್ಬನಿಗೆ ತೋರಿಸಿದ್ದೆ. ಲೆಕ್ಕ ಹಾಕಿ ನೋಡಿ, "ನಿಮ್ಮ ಉಪಗ್ರಹದ್ದೇ ಅಲ್ವೇನೋ, ಎತ್ತರ, ವೇಗ ಎಲ್ಲಾ ಸರಿಯಾಗೇ ಇದೆ. ಆದ್ರೆ ಇದರಲ್ಲಿ ಮೂರನೇದು ಯಾಕೆ ಬಿಚ್ಚಿಲ್ಲ?" ಎಂದ. ಕಂಪ್ಯೂಟರಿನಲ್ಲಿ ಮಾಡಿದ ನಕಲಿ ಎಂದೆ. ಚೆನ್ನಾಗಿ ಮಾಡಿದ್ದೀಯ ಎಂದು ಮೆಚ್ಚಿಕೊಂಡ.

ಎಚ್ಚರಿಕೆ ಎನ್ನೋಣವೇ? ಯಾರು ಕೊಟ್ಟದ್ದು? ದೇವರು ಎಂದರೆ ಒಪ್ಪಿಕೊಳ್ಳಲು ನನಗೇನೂ ಅಡ್ಡಿಯಿಲ್ಲ. ಆದರೆ ದೇವರು ಹತ್ತು ಸೆಕೆಂಡಿಗೊಮ್ಮೆ ಬ್ಯಾಟರಿಯ ಅಂಕಿ ಕಳಿಸುತ್ತಾನೆಯೇ? ಇಷ್ಟು ವರ್ಷ ಇದನ್ನು ಪವಾಡದಂತೆ ನೆನೆಯಲು ಪ್ರಯತ್ನಪಟ್ಟಿದ್ದೇನೆ. ಕಂಪನಿ ಉಳಿಯಿತು, ಕೆಲಸ ಉಳಿಯಿತು, ಒಳ್ಳೆಯದೇ ಆಯಿತಲ್ಲ ಎಂದು. ಹಾಗೆ ನೆನೆಯಲು ಬಿಡದೇ ಇರುವುದು ರಾಜಮ್ಮನ ಒಂದು ಮಾತು. ಆ ಸಂಭ್ರಮದ ದಿನ ಎಲ್ಲರೂ ಹೋದ ಮೇಲೆ, ವೈರುಗಳನ್ನು ಸುತ್ತುತ್ತಾ ಆಕೆ ತಲೆಯೆತ್ತದೆ ಕೇಳಿದಳು:

"ಸಾ, ಅವತ್ತು ಸತ್ತೋಯ್ತಲ್ಲ, ಅದನ್ನೂ ಯಾರೋ ಕುಂತ್ಕಂಡು ಕಟ್ಟಿರ್ಬೇಕಲ್ವಾ? ಅವ್ರಿಗೆ ಮಾತ್ರ ಯಾರೂ ಯೋಳ್ನಿಲ್ವಲ್ಲ ಸಾ."

ಅಂಥ ಇನ್ನೊಂದು ಹೊಲದಲ್ಲಿ, ಅರ್ಧಕ್ಕೆ ನಿಂತುಹೋದ ಹೆಸರಿನ ಮುಂದೆ ಆಂಟೆನಾ ತಿರುಗಿಸುತ್ತಲೇ ನಿಂತಿರುವ ಒಬ್ಬ ಹೆದರುಪುಕ್ಕಲನನ್ನು ಕಂಡಂತಾಗಿ, ಆಕೆಯ ಕೈಯಿಂದ ವೈರಿನ ಇನ್ನೊಂದು ತುದಿ ತೆಗೆದುಕೊಂಡು ನಾನೂ ಸುತ್ತತೊಡಗಿದೆ.